ಕಾರ್ಪೆಟ್ ತೆಗೆದ ಮೇಲೆ ನೀವು ಮಾಡಿದ ನೆಲ ಎದ್ದು ಬಂದಿರುವ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,

ನಮಸ್ಕಾರ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನಿಮ್ಮ ಕೊಟೇಶನ್ ತೆಗೆದು ಓದಿ. ಹಳೆಯ ಗಮ್ ಪೂರ್ತಿ ಗ್ರೈಂಡಿಂಗ್ ಮಾಡಿ ತೆಗೆಯುವುದು, ತೇವ ಪರೀಕ್ಷೆ, ಗುಂಡಿ ಮತ್ತು ಬಿರುಕು ತುಂಬುವುದು, ಮೇಲಿನ ಪದರ ಹಿಡಿಯಲು ಪ್ರೈಮರ್, ಅದು ಒಣಗಿದ ಮೇಲೆ ಸೆಲ್ಫ್ ಲೆವೆಲಿಂಗ್, ಅಂದರೆ ಪುಡಿಯನ್ನು ನೀರಲ್ಲಿ ಕಲಸಿ ಸುರಿದರೆ ತಾನಾಗೇ ಸಮವಾಗುವ ಪದರ. ಈ ಕ್ರಮ ಬರೆದವರು ನೀವೇ, ಅದಕ್ಕೇ ದುಡ್ಡು ಕೊಟ್ಟೆ. ನಡೆದದ್ದೇ ಬೇರೆ.

ಬೆಂಗಳೂರಿನ ನಮ್ಮ ಹಳೆ ಮನೆಯ ಕೆಳಗಿನ ಹಾಲ್ ಮೊದಲು ಯಾರದೋ ಆಫೀಸಾಗಿತ್ತು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಿದ್ದರು. ಅಪ್ಪನಿಗೆ ಉಬ್ಬಸ, ಧೂಳು ಆಗುವುದಿಲ್ಲ ಅಂತ ಕೀಳಿಸಿದೆವು. ಕೆಳಗೆ ಹಳದಿ ಗಮ್ಮಿನ ಪಟ್ಟೆಗಳು, ಗೋಡೆ ಪಕ್ಕ ಮೊಳೆ ಕಿತ್ತ ಕಡೆಯೆಲ್ಲ ಕಾಂಕ್ರೀಟ್ ಚೂರು ಎದ್ದ ಗುಂಡಿಗಳು, ಬಾಗಿಲಿನಿಂದ ಕಿಟಕಿವರೆಗೆ ಒಂದು ಬಿರುಕು. ಅಪ್ಪ ವಾಕರ್ ಹಿಡಿದು ಓಡಾಡುವವರು, ನೆಲ ಸಮ ಇರಲೇಬೇಕು ಅಂತ ಮೊದಲ ದಿನವೇ ಹೇಳಿದ್ದೆ.

ನಿಮ್ಮ ಹುಡುಗರು ಗ್ರೈಂಡಿಂಗ್ ಮೆಷಿನ್ ತಂದಿದ್ದು ನಿಜ. ಹಾಲಿನ ನಡುವೆ ಸ್ವಲ್ಪ ಹೊತ್ತು ಓಡಿಸಿದರು. ಮೂಲೆಗಳಲ್ಲಿ, ಗೋಡೆ ಪಕ್ಕದಲ್ಲಿ ಗಮ್ ಹಾಗೇ ಉಳಿಯಿತು. ಮೆಷಿನ್‌ಗೆ ಧೂಳು ಎಳೆಯುವ ವ್ಯಾಕ್ಯೂಮ್ ಇರಲಿಲ್ಲ. ಕಾಂಕ್ರೀಟ್ ಧೂಳು ಶ್ವಾಸಕೋಶಕ್ಕೆ ಎಷ್ಟು ಕೆಟ್ಟದ್ದು ಅಂತ ನಿಮಗೆ ಗೊತ್ತಿರಬೇಕು ಅಲ್ವಾ? ಹುಡುಗರ ಮುಖಕ್ಕೆ ಮಾಸ್ಕೂ ಇರಲಿಲ್ಲ, ಅವರ ಆರೋಗ್ಯದ ಬಗ್ಗೆಯೂ ನಿಮಗೆ ಕಾಳಜಿ ಇಲ್ಲ. ತೇವ ಪರೀಕ್ಷೆ ಮಾಡಲೇ ಇಲ್ಲ. 18 ಇಂಚು ಚೌಕದ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಕನಿಷ್ಠ 16 ಗಂಟೆ ಬಿಟ್ಟು, ಕೆಳಗೆ ನೀರು ಬೆವರಿದೆಯಾ, ಕಾಂಕ್ರೀಟ್ ಕಪ್ಪಾಗಿದೆಯಾ ಅಂತ ನೋಡಬೇಕು, ಅಷ್ಟೇ. ಹಳೆ ಮನೆ, ನೆಲಕ್ಕೆ ತಾಗಿದ ಮಹಡಿ, ಮಳೆಗಾಲ. ಇಲ್ಲಿ ನೋಡದೆ ಇನ್ನೆಲ್ಲಿ ನೋಡುತ್ತೀರಿ? ಲೆವೆಲಿಂಗ್ ಪುಡಿಯ ಚೀಲದ ಮೇಲೆ ಎಷ್ಟು ನೀರು ಅಂತ ಅಚ್ಚಾಗಿರುತ್ತದೆ. ಹುಡುಗ ಮಗ್ಗಿನಲ್ಲಿ ಅಂದಾಜಿಗೆ ಸುರಿಯುತ್ತಿದ್ದ. ನೀರು ಜಾಸ್ತಿಯಾದರೆ ಮೇಲ್ಪದರ ಮೆತ್ತಗಾಗುತ್ತದೆ, ಒಣಗುವಾಗ ಬಿರಿಯುತ್ತದೆ. ಅದೇ ಆಯಿತು. ಎರಡು ಮಳೆ ಬಿದ್ದದ್ದೇ ತಡ, ಗಮ್ ಉಳಿದ ಜಾಗದಲ್ಲೆಲ್ಲ ಪದರ ಉಬ್ಬಿ ಎದ್ದಿತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಶಬ್ದ.

ಇಷ್ಟಾದರೂ ನಾನು ಮರ್ಯಾದೆಯಿಂದಲೇ ಕರೆದೆ. ಸೂಪರ್‌ವೈಸರ್ ಬಂದರು. ಚಪ್ಪಲಿ ಬಿಡದೆ ಹಾಲಿಗೆ ನಡೆದರು. ಉಬ್ಬಿದ ಜಾಗವನ್ನು ಚಪ್ಪಲಿ ತುದಿಯಿಂದ ಒತ್ತಿ, "ನೀರು ಹಾಕಿ ಒರೆಸ್ತೀರಾ ಮೇಡಂ?" ಅಂದರು. ಹೌದು, ನೆಲ ಒರೆಸುತ್ತೇವೆ ಅಂದೆ. "ಅದಕ್ಕೇ ಎದ್ದಿರೋದು." ಅಡುಗೆಮನೆ ಬಾಗಿಲ ಹತ್ತಿರ ದಿನಕ್ಕೆ ಎರಡು ಸಲ ಒರೆಸುತ್ತೇವೆ, ಅಲ್ಲಿ ಗಟ್ಟಿಯಾಗೇ ಇದೆಯಲ್ಲ ಅಂತ ತೋರಿಸಿದೆ. ಉತ್ತರ ಇಲ್ಲ. ತೇವ ಪರೀಕ್ಷೆ ಯಾಕೆ ಮಾಡಲಿಲ್ಲ ಅಂದೆ. "ಅದೆಲ್ಲ ನಿಮಗೆ ಅರ್ಥ ಆಗಲ್ಲ ಮೇಡಂ, ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕರೀರಿ." ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಸೂಪರ್‌ವೈಸರ್ ನಿಮಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿ. ನೀವು ಹೇಳಿದ್ದು ನಾವಿಬ್ಬರೂ ಕೇಳಿದ್ದೇವೆ: "ಆ ಟೀಚರಮ್ಮಂಗೆ ಹೇಳು, ಮೇಲೊಂದು ಕಾರ್ಪೆಟ್ ಹಾಸ್ಕೊಳ್ಳಿ ಅಂತ." ಜೊತೆಗೆ ಬಂದ ಹುಡುಗ ನಕ್ಕ. ಸೂಪರ್‌ವೈಸರ್ ಕೂಡ ನಕ್ಕರು. ಅಪ್ಪ ಮಾತಾಡದೆ ವಾಕರ್ ಹಿಡಿದು ಒಳಗೆ ಹೋದರು. ಯಾರ ಉಸಿರಿಗೋಸ್ಕರ ಕಾರ್ಪೆಟ್ ಕಿತ್ತೆವೋ, ಅವರ ಎದುರಿಗೇ ಆ ಮಾತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ನನ್ನ ಮನೆಯಲ್ಲೇ ನಿಂತು ನನ್ನನ್ನು ಹೀಗೆ ಯಾರೂ ಮಾತಾಡಿಸಿರಲಿಲ್ಲ.

ಪದರ ಪೂರ್ತಿ ಕೆತ್ತಿ, ಗಮ್ ತೆಗೆದು, ತೇವ ನೋಡಿ, ತೇವ ತಡೆಯುವ ಎಪಾಕ್ಸಿ ಪ್ರೈಮರ್ ಬೇಕಾದರೆ ಹಾಕಿ, ಹೊಸದಾಗಿ ಮಾಡಿಕೊಡಿ ಅಂತ ಕೇಳೋಣ ಅಂದುಕೊಂಡೇ ಈ ಪತ್ರ ಶುರು ಮಾಡಿದೆ. ಬರೆಯುತ್ತಾ ಬರೆಯುತ್ತಾ ಮನಸ್ಸು ಬದಲಾಯಿತು. ನಿಮ್ಮವರು ಇನ್ನು ನಮ್ಮ ಹೊಸ್ತಿಲು ದಾಟುವುದು ಬೇಡ. ಕೊಟ್ಟ ದುಡ್ಡು ಪೂರ್ತಿ, ಜೊತೆಗೆ ಆ ಪದರ ಕೀಳಿಸುವ ಖರ್ಚು, 15 ದಿನದೊಳಗೆ ನನ್ನ ಖಾತೆಗೆ ಬರಬೇಕು.

ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲಿಗೆ ನಿಲ್ಲಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಕೊಂಡ ಕೆಲಸ ಒಪ್ಪಿಕೊಂಡ ರೀತಿಯಲ್ಲಿ ಮಾಡದಿದ್ದರೆ ಅದು ಸೇವಾ ನ್ಯೂನತೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ನನಗೆ ವಕೀಲರೂ ಬೇಕಿಲ್ಲ, ಎರಡು ವರ್ಷ ಸಮಯವೂ ಇದೆ. ನಿಮ್ಮ ಸಹಿ ಇರುವ ಕೊಟೇಶನ್, ಬಿಲ್, ಪದರದ ಕೆಳಗೆ ಗಮ್ ಹಾಗೇ ಇರುವ ಫೋಟೋ, ನಿಮ್ಮ ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜುಗಳು ಎಲ್ಲ ಫೈಲ್ ಮಾಡಿಟ್ಟಿದ್ದೇನೆ. ಸ್ಪೀಕರಿನಲ್ಲಿ ಕೇಳಿದ ನಿಮ್ಮ ಮಾತನ್ನು ಅಪ್ಪನೇ ಬಂದು ಆಯೋಗದ ಮುಂದೆ ಹೇಳುತ್ತಾರೆ, ಒಪ್ಪಿದ್ದಾರೆ.

ಇಂತಿ,
ನಿಮ್ಮ ಗ್ರಾಹಕಿ