ಸೂಚನೆ: ಮೇವೆದರ್ ಜಗಳ ಸಾಕು
ಜಿಮ್ ಗೆಳೆಯರೇ, ರಾತ್ರಿ ಹನ್ನೊಂದರ ಮೇಲೆ ವಾಯ್ಸ್ ಮೆಸೇಜ್ ಬೇಡ. ಬೆಳಿಗ್ಗೆ ಬೇಗ ತೋಟಕ್ಕೆ ಹೋಗೋರೂ ಇದ್ದಾರೆ.

ಜಗಳ ಇಷ್ಟೇ: 2017ರ ಬಾಕ್ಸಿಂಗ್ ಪಂದ್ಯದಲ್ಲಿ ಅಮೆರಿಕದ ಬಾಕ್ಸರ್ ಮೇವೆದರ್, ಎಂಎಂಎ (ಹೊಡೆತ, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ಆಡುವ ಐರ್ಲೆಂಡಿನ ಮೆಕ್‌ಗ್ರೆಗರ್‌ಗೆ ಮೊದಲ ಸುತ್ತುಗಳನ್ನು ಬೇಕಂತಲೇ ಬಿಟ್ಟುಕೊಟ್ಟನಾ? ಮೊದಲ ಮೂರು ಸುತ್ತು ಅವನು ಹೆಚ್ಚು ಹೊಡೆಯಲಿಲ್ಲ, ನಿಜ. ಕರುಣೆ ಅಂತೂ ಅಲ್ಲ. ಎದುರಿನವನಿಗೆ ಅದೇ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ. ಎಂಎಂಎಯಲ್ಲಿ ಹೆಚ್ಚೆಂದರೆ 25 ನಿಮಿಷ, ಇಲ್ಲಿ 12 ಸುತ್ತು, 36 ನಿಮಿಷ. ಸುಸ್ತಾಗಲಿ ಅಂತ ಕಾದ, ಆಮೇಲೆ ನುಗ್ಗಿದ. ಹತ್ತನೇ ಸುತ್ತಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು, ಮೇವೆದರ್ ಗೆದ್ದ. ಮೆಕ್‌ಗ್ರೆಗರ್ 430 ಸಲ ಕೈ ಬೀಸಿ ತಾಗಿಸಿದ್ದು 111, ಮೇವೆದರ್ 320ಕ್ಕೆ 170. (ನಾನೂ ಮೊದಲು ನಾಟಕ ಅಂತಲೇ ಅಂದುಕೊಂಡಿದ್ದೆ.)

ಇನ್ನೂ ಒಪ್ಪದವರು ಭಾನುವಾರ ಸಂಜೆ ಹಾಸನದ ಜಿಮ್‌ಗೇ ಬನ್ನಿ, ಪೂರ್ತಿ ವಿಡಿಯೋ ಹಾಕ್ತೀವಿ. ಕಾಫಿ ಸೋತವರ ಲೆಕ್ಕಕ್ಕೆ.