ಗಾಯಕ್ಕೆ ಪಟ್ಟಿ ಕಟ್ಟಿದರಷ್ಟೇ ಸಾಕೇ?

ಮಾನ್ಯರೇ,

ಕಳೆದ ತಿಂಗಳು ನೆರೆಮನೆಯ ಹೆಣ್ಣುಮಗಳೊಬ್ಬಳ ಜೊತೆ ಗದಗ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಹೋಗಿದ್ದೆ. ಮುಂಗೈ ಬಾತಿತ್ತು, ಒಡೆದ ಹಸಿರು ಬಳೆಯ ಚೂರು ಚರ್ಮದಲ್ಲೇ ನಾಟಿತ್ತು. ‘ಬಚ್ಚಲದಾಗ ಜಾರಿ ಬಿದ್ದೆನ್ರಿ’ ಎಂದಳು. ಗಂಡ ಪಕ್ಕದಲ್ಲೇ ನಿಂತಿದ್ದ. ವೈದ್ಯರು ಚೂರು ತೆಗೆದು, ಪಟ್ಟಿ ಕಟ್ಟಿ, ಗುಳಿಗೆ ಬರೆದು ಮುಂದಿನವರನ್ನು ಕರೆದರು. ಚೀಟಿಯಲ್ಲಿ ‘ಬಿದ್ದು ಗಾಯ’ ಎಂದಷ್ಟೇ ಇತ್ತು.

ಹೊರಗೆ ಉದ್ದನೆಯ ಸರತಿ, ಒಳಗೆ ಒಬ್ಬರೇ ವೈದ್ಯರು. ಅವರ ಕಷ್ಟ ನನಗೂ ಗೊತ್ತು. ಆದರೂ ಗಂಡನನ್ನು ಎರಡು ನಿಮಿಷ ಹೊರಗೆ ಕಳಿಸಿ, ‘ಮನ್ಯಾಗ ಯಾರರ ಹೊಡಿತಾರೇನವ್ವಾ?’ ಎಂದು ನರ್ಸ್ ಕೇಳಿದ್ದರೆ ಆಕೆ ಬಾಯಿ ಬಿಡುತ್ತಿದ್ದಳೇನೋ. ಗಂಡನೆದುರು ಮಾತ್ರ ಕೇಳಲೇಬಾರದು, ಮನೆಗೆ ಹೋದಮೇಲೆ ಅದಕ್ಕೂ ಏಟು ಬೀಳುತ್ತದೆ.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನೊಂದವಳಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ ಎನ್ನುತ್ತದೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಚಿಕಿತ್ಸೆಯೇನೋ ಸಿಗುತ್ತದೆ, ಕೇಳುವ ಕಿವಿ ಸಿಗುತ್ತಿಲ್ಲ.

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರಿಗೆ ಈ ಬಗ್ಗೆ ತರಬೇತಿ ಕೊಡಿಸಲಿ. ಪ್ರತಿ ಕೇಂದ್ರದಲ್ಲಿ ಒಂದು ಮರೆಯ ಕೋಣೆ ಇರಲಿ. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ, ಗಂಡಸರ ಕಣ್ಣಿಗೆ ಬೀಳದಂತೆ, 181 ಸಹಾಯವಾಣಿಯ ಚೀಟಿ ಅಂಟಿಸಲಿ.

— ಓದುಗರೊಬ್ಬರು, ಗದಗ