ಮಗಳಿಗೊಂದು ಪತ್ರ: ಬಸಿದ ನೀರು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಲೆಕ್ಕ ಓದಿ ಹೇಳಿದ ಮೇಲೆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಇಪ್ಪತ್ತನೇ ತಾರೀಖಿಗೇ ಕೈ ಖಾಲಿ, ಬಾಡಿಗೆಗಿಂತ ಊಟಕ್ಕೇ ಹೆಚ್ಚು ಹೋಗಿದೆ ಅಂದೆ. ಫೋನಲ್ಲಿ ತರಿಸಿಕೊಂಡು ತಿಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಎಂಟು ಗಂಟೆಗೆ ರೂಮಿಗೆ ಬಂದವಳಿಗೆ ಹಸಿವಾಗಿರುತ್ತದೆ, ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಆಮೇಲೆ ನೀನು ಹೇಳಿದ ಒಂದು ಮಾತು ತಲೆಯಲ್ಲೇ ಉಳಿಯಿತು. "ಅಡುಗೆ ಮಾಡೋಕೂ ನೋಡ್ದೆ ಅಪ್ಪ, ಅದಕ್ಕೆ ಇನ್ನೂ ಜಾಸ್ತಿ ಖರ್ಚಾಯ್ತು." ದುಡ್ಡು ಹಾಕುತ್ತೇನೆ ಅಂದರೆ ಬೇಡವೇ ಬೇಡ ಅಂದೆ. ಅದಕ್ಕೇ ಈ ಕಾಗದ.

ಏನಾಯಿತು ಅಂತ ಕೇಳಿದ್ದಕ್ಕೆ ಹೇಳಿದೆಯಲ್ಲ, ಮೊಬೈಲಿನಲ್ಲಿ ಒಂದು ಅಡುಗೆ ನೋಡಿ ಅದಕ್ಕೆ ಬೇಕಾದ ಹನ್ನೊಂದು ಸಾಮಾನು ಪಟ್ಟಿ ಮಾಡಿಕೊಂಡು ತಂದೆ ಅಂತ. ಕೆಂಪು, ಹಳದಿ ಕ್ಯಾಪ್ಸಿಕಂ, ಕ್ರೀಮಿನ ಪ್ಯಾಕೆಟ್ಟು, ಒಂದು ಚಮಚಕ್ಕಾಗಿ ಇಡೀ ಬಾಟಲಿ ಸಾಸು. ಅಡುಗೆ ಚೆನ್ನಾಗೇ ಆಯಿತು. ಉಳಿದದ್ದು ಫ್ರಿಜ್ಜಿನಲ್ಲಿ ಕೊಳೆತು ಮುಂದಿನ ವಾರ ಕಸಕ್ಕೆ ಹೋಯಿತು. ಪುಟ್ಟಿ, ನಮ್ಮ ಮನೆಯಲ್ಲಿ ಯಾವತ್ತಾದರೂ ಅಮ್ಮ ಹಾಗೆ ಪಟ್ಟಿ ಹಿಡಿದು ಅಡುಗೆಗೆ ನಿಂತದ್ದನ್ನು ನೋಡಿದ್ದೀಯಾ? ಅವಳು ಮೊದಲು ಬುಟ್ಟಿ ನೋಡುತ್ತಾಳೆ, ಆಮೇಲೆ ಡಬ್ಬ ನೋಡುತ್ತಾಳೆ. ಅರ್ಧ ಕಟ್ಟು ಸೊಪ್ಪು, ಎರಡು ಬದನೆಕಾಯಿ, ತಳದಲ್ಲಿ ಒಂದಿಷ್ಟು ಅಲಸಂದೆ ಇದೆ ಅಂದರೆ ಅವತ್ತಿನ ಸಾರು ಯಾವುದು ಅಂತ ಅಲ್ಲೇ ತೀರ್ಮಾನವಾಗುತ್ತದೆ. ನೀನೂ ಅಲ್ಲಿಂದಲೇ ಶುರು ಮಾಡಬೇಕು.

ಇದು ನನಗೂ ಹುಟ್ಟಿನಿಂದ ಬಂದ ವಿದ್ಯೆಯಲ್ಲ. 1994ರಲ್ಲಿ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ಹೋದಾಗ ನನಗೆ ಅನ್ನಕ್ಕೆ ಎಸರಿಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಸಂಬಳದಲ್ಲಿ ಮುಕ್ಕಾಲು ಭಾಗ ಊರಿಗೆ, ನಿನ್ನ ಅತ್ತೆಯ ಮದುವೆಯ ಸಾಲಕ್ಕೆ. ಒಂದು ಬತ್ತಿ ಸ್ಟೋವು, ಎರಡು ಪಾತ್ರೆ, ಒಂದು ಬಾಣಲೆ ಇಷ್ಟೇ ನನ್ನ ಸಂಸಾರ. ಮನೆ ಮಾಲೀಕರ ತಾಯಿ, ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದರು, ನನಗೆ ಒಂದು ಸೇರು ಹುರುಳಿ ಕೊಟ್ಟರು. ಬೇಯಿಸಿದೆ. ಬೆಂದ ಮೇಲೆ ನೀರನ್ನೆಲ್ಲ ಬಚ್ಚಲಿಗೆ ಬಸಿದು, ಕಾಳಿಗೆ ಉಪ್ಪು ಖಾರ ಹಾಕಿ ಒಣ ಅನ್ನದ ಜೊತೆ ಗಂಟಲಲ್ಲಿ ಇಳಿಸುತ್ತಾ ಕೂತಿದ್ದೆ. ಬಾಗಿಲಲ್ಲಿ ನಿಂತ ಅಜ್ಜಿ ಬಚ್ಚಲು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಮೇಷ್ಟ್ರೇ, ಸಾರ್ನೇ ಚೆಲ್‌ಬುಟ್ರಲ್ಲಾ!"

ಮಾರನೆಯ ದಿನ ಸಂಜೆ ಅಜ್ಜಿ ನನ್ನ ರೂಮಿನಲ್ಲೇ ಕುಕ್ಕರುಗಾಲಲ್ಲಿ ಕೂತು ಬಸ್ಸಾರು ಹೇಳಿಕೊಟ್ಟರು. ನಿನಗೆ ಮೊದಲು ಅದನ್ನೇ ಹೇಳಿಕೊಡುತ್ತೇನೆ. ಒಂದು ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಗುತ್ತದೆ, ಮಾರನೆಯ ದಿನಕ್ಕೂ ಬರುತ್ತದೆ.

ರಾತ್ರಿ ಮಲಗುವ ಮುಂಚೆ ಒಂದು ಲೋಟ ಹುರುಳಿ ತಟ್ಟೆಯಲ್ಲಿ ಹರಡಿ ಕಲ್ಲು ಆರಿಸು. ಹುರುಳಿಯಲ್ಲಿ ಅದರದೇ ಬಣ್ಣದ ಸಣ್ಣ ಕಲ್ಲಿರುತ್ತದೆ, ಬೆಳಕಿನಲ್ಲೇ ಆರಿಸಬೇಕು. ತೊಳೆದು ನೆನೆಹಾಕು. ಮಾರನೆಯ ದಿನ ಕಾಳಿನ ನಾಲ್ಕರಷ್ಟು ನೀರು, ಚೂರು ಉಪ್ಪು ಹಾಕಿ ಕುಕ್ಕರಿನಲ್ಲಿ ಆರೇಳು ವಿಷಲ್ ಕೂಗಿಸು. ಇಳಿದ ಮೇಲೆ ಮುಚ್ಚಳ ತೆಗೆದು ತೊಳೆದು ಹೆಚ್ಚಿದ ಸೊಪ್ಪು ಹಾಕಿ ತೆರೆದ ಪಾತ್ರೆಯಲ್ಲೇ ಐದು ನಿಮಿಷ ಬೇಯಿಸು. ಸೊಪ್ಪನ್ನು ಕಾಳಿನ ಜೊತೆಗೇ ಕೂಗಿಸಿದರೆ ಕರಗಿಹೋಗುತ್ತದೆ. ಈಗ ಬಸಿ. ಕೆಳಗೆ ಇಳಿದ ನಸುಗೆಂಪು ನೀರೇ ಕಟ್ಟು.

ಬಾಣಲೆಗೆ ಅರ್ಧ ಚಮಚ ಎಣ್ಣೆ ಬಿಟ್ಟು ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು ಹಾಕಿ ಬೆಳ್ಳುಳ್ಳಿ ಮೈ ಕೆಂಪಗಾಗುವವರೆಗೆ ಹುರಿ. ಅದಕ್ಕೆ ಅಮ್ಮ ಕೊಟ್ಟ ಸಾರಿನ ಪುಡಿ, ಗೋಲಿಯಷ್ಟು ಹುಣಸೆಹಣ್ಣು, ಸ್ವಲ್ಪ ತೆಂಗಿನತುರಿ, ಮತ್ತೆ ಮರೆಯದೆ ಒಂದು ಸೌಟು ಬೆಂದ ಕಾಳು ಸೊಪ್ಪು ಸೇರಿಸಿ ರುಬ್ಬು. ಸಾರು ಮಂದವಾಗುವುದು ಆ ಒಂದು ಸೌಟಿನಿಂದ. ಕಟ್ಟಿಗೆ ಇದನ್ನು ಬೆರೆಸಿ ಚೆನ್ನಾಗಿ ಕುದಿಸಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡು. ಮೇಲೆ ಉಳಿದ ಕಾಳು ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಹಾಕಿದರೆ ಪಲ್ಯ. ರಾತ್ರಿ ಉಳಿದ ಬಸ್ಸಾರು ಕುದಿಸಿ ಇಟ್ಟರೆ ಮಾರನೆಯ ದಿನ ಇನ್ನೂ ರುಚಿ. ನಾನಂತೂ ಎರಡನೇ ದಿನದ ಬಸ್ಸಾರಿಗೇ ಕಾಯುವವನು.

ಹುರುಳಿ ಇಲ್ಲದಿದ್ದರೆ ಅಲಸಂದೆ, ಹೆಸರುಕಾಳು, ತೊಗರಿಬೇಳೆ ಯಾವುದಾದರೂ ಸರಿ, ವಿಷಲ್ ಮಾತ್ರ ಕಡಿಮೆ ಮಾಡಿಕೋ. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ಅಗ್ಗವಾದಾಗ ಅದನ್ನು ಬಿಡಬೇಡ. ಸೊಪ್ಪು ದಂಟಾಗಲಿ, ಕೀರೆಯಾಗಲಿ, ಸಬ್ಬಕ್ಕಿಯಾಗಲಿ, ಎಲ್ಲ ಸೇರಿದ ಬೆರಕೆ ಸೊಪ್ಪಾಗಲಿ ನಡೆಯುತ್ತದೆ. ಮೆಂತ್ಯ ಮಾತ್ರ ಸ್ವಲ್ಪವೇ ಹಾಕು, ಕಟ್ಟು ಕಹಿಯಾಗುತ್ತದೆ. ಸೊಪ್ಪೇ ಸಿಗದಿದ್ದರೆ ಎಲೆಕೋಸು ಹೆಚ್ಚಿ ಹಾಕು. ರುಬ್ಬಲು ಮಿಕ್ಸಿ ಕೆಟ್ಟಿದೆ, ಸಾಕಾಗಿದೆ ಅನ್ನಿಸಿದ ದಿನ ಮಸಾಲೆಯನ್ನೇ ಬಿಡು. ಕಟ್ಟಿಗೆ ಉಪ್ಪು ಹಾಕಿ ಹಾಗೇ ಇಟ್ಟು, ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು ಕುಟ್ಟಿ ಖಾರ ಮಾಡಿಕೋ. ತಟ್ಟೆಯಲ್ಲಿ ಕಲಸಿಕೊಂಡರೆ ಉಪ್ಸಾರು.

ಬೆಲೆ ಏರಿದ ಸಾಮಾನಿಗೆ ಹೆದರಬಾರದು ಅಂತ ನಾನು ಕಲಿತದ್ದೂ ಹೀಗೇ. 2023ರ ಜುಲೈ ನೆನಪಿದೆಯಾ? ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಅಂಗಡಿಯಲ್ಲಿ ಕಿಲೋಗೆ ನೂರರ ಮೇಲೆ. ಟೊಮೆಟೊ ಇಲ್ಲದೆ ಸಾರು ಹೇಗೆ ಅಂತ ಎಲ್ಲರೂ ಗೋಳಾಡುವಾಗ ಅಮ್ಮ ಇಡೀ ತಿಂಗಳು ಹುಣಸೆಹಣ್ಣಿನಲ್ಲೇ ನಡೆಸಿದಳು. ಈ ಗೂದೆಹಣ್ಣು, ಅಂದರೆ ಟೊಮೆಟೊ, ಬರುವ ಮುಂಚೆಯೂ ನಮ್ಮವರು ಸಾರು ಉಂಡವರೇ ಅಲ್ಲವೇ. 2025ರಲ್ಲಿ ತೆಂಗಿನಕಾಯಿ ಬೆಲೆ ಗಗನಕ್ಕೆ ಹೋದಾಗ ಚಟ್ನಿಗೆ ಮುಕ್ಕಾಲು ಹುರಿಗಡಲೆ, ಕಾಲು ಕಾಯಿ. ಸಾರಿಗೆ ಕಾಯಿಯ ಬದಲು ಇನ್ನೊಂದು ಸೌಟು ಬೆಂದ ಬೇಳೆ ರುಬ್ಬಿದಳು. ನೀನು ಆಗ ರಜೆಗೆ ಬಂದು ಎರಡು ಸಲ ಹಾಕಿಸಿಕೊಂಡು ಉಂಡೆ, ನಿನಗೆ ಗೊತ್ತೇ ಆಗಲಿಲ್ಲ.

ಇನ್ನು ಅಳತೆ. ಎಷ್ಟು ಮಾಡಬೇಕೆಂದೇ ತಿಳಿಯದೆ ನಾಲ್ಕು ಜನಕ್ಕಾಗುವಷ್ಟು ಮಾಡಿ ಚೆಲ್ಲುತ್ತೇನೆ ಅಂದೆಯಲ್ಲ. ನನಗೆ ಇದನ್ನು ಕಲಿಸಿದ್ದು ಶಾಲೆಯ ಬಿಸಿಯೂಟ. ಅಕ್ಷರದಾಸೋಹದಲ್ಲಿ ಐದನೇ ತರಗತಿವರೆಗಿನ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75. ಎಂಟನೇ ತರಗತಿಯ ಹುಡುಗಿಗೆ ಸಾಕಾಗುವುದು ನಿನಗೂ ಒಂದು ಹೊತ್ತಿಗೆ ಸಾಕು. 30 ಗ್ರಾಂ ಬೇಳೆಯಂತೆ ನೀನೂ ನಿನ್ನ ರೂಮಿನ ಗೆಳತಿಯೂ ದಿನಕ್ಕೊಂದು ಹೊತ್ತು ಉಂಡರೆ ಒಂದು ಕಿಲೋ ಬೇಳೆ ಹದಿನಾರು ದಿನ ಬರುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದು ಸಲ 60 ಗ್ರಾಂ ತೂಗಿಸಿಕೊಂಡು ನಿನ್ನ ಸ್ಟೀಲ್ ಲೋಟದಲ್ಲಿ ಎಲ್ಲಿಯವರೆಗೆ ಬರುತ್ತದೆ ನೋಡಿ ಗುರುತು ಇಟ್ಟುಕೋ. ನಮ್ಮ ಶಾಲೆಯ ಅಡುಗೆಯವರು ಹೆಚ್ಚಾಗಿ ತೂಗುವುದೂ ಇಲ್ಲ. ಊರಿನವರು ಯಾರೋ ನುಗ್ಗೆಸೊಪ್ಪು ತಂದುಕೊಟ್ಟರೆ ಸಾಂಬಾರಿಗೆ ಅದು ಬೀಳುತ್ತದೆ, ಮಾರನೆಯ ದಿನ ಕುಂಬಳಕಾಯಿ. ನೂರು ಮಕ್ಕಳ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ. ಆ ತಾಯಂದಿರ ಕೈಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ.

ಮುದ್ದೆ ಕಷ್ಟ ಅಂತ ಬಿಟ್ಟಿದ್ದೀಯ. ಬಿಡಬೇಡ ಕಣಮ್ಮ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ ಇರುವುದು 120ರ ಆಸುಪಾಸು. ಇಡೀ ದಿನ ಕುರ್ಚಿಯಲ್ಲಿ ಕೂರುವ ನಿನ್ನ ಮೂಳೆಗೆ ಅದು ಬೇಕು. ಎರಡು ಲೋಟ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸು. ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲನ್ನು ಗುಡ್ಡೆಯ ಮಧ್ಯೆ ನಿಲ್ಲಿಸಿ ಉರಿ ಸಣ್ಣ ಮಾಡಿ ನಾಲ್ಕು ನಿಮಿಷ ಮುಟ್ಟದೆ ಬಿಡು. ನೀನು ತಪ್ಪಿದ್ದು ಅಲ್ಲೇ, ಹಾಕಿದ ತಕ್ಷಣ ತಿರುವಿದೆ, ಅದಕ್ಕೇ ಗಂಟು. ನೀರು ಸುತ್ತಲಿಂದ ಉಕ್ಕಿ ಹಿಟ್ಟಿನ ಮೇಲೆ ಹರಿದ ಮೇಲೆ ಪಾತ್ರೆ ಇಳಿಸಿ ಗಟ್ಟಿಯಾಗಿ ಹಿಡಿದು ತೊಳಸು. ಮತ್ತೆ ಎರಡು ನಿಮಿಷ ಮುಚ್ಚಿಟ್ಟು ಒದ್ದೆ ಕೈಯಲ್ಲಿ ಕಟ್ಟು. ಉಳಿದರೆ ನೀರಿನಲ್ಲಿ ಹಾಕಿಡು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕಿವುಚಿ ಕುಡಿದು ಆಫೀಸಿಗೆ ಹೋಗು. ತಿಂಡಿಯ ಖರ್ಚು ಇಲ್ಲ.

ಸೊಪ್ಪು ತರಲು ರಾತ್ರಿ ಬರುವಾಗ ಹೋಗು. ಅಂಗಡಿ ಎತ್ತುವ ಹೊತ್ತಿಗೆ ಕಟ್ಟಿನ ಬೆಲೆ ತಾನಾಗಿ ಇಳಿಯುತ್ತದೆ. ಹಾಪ್‌ಕಾಮ್ಸ್ ಮಳಿಗೆ ಕಂಡರೆ ಬೆಲೆಯ ಬೋರ್ಡು ಓದಿಕೊಂಡು ಬಾ, ಆ ವಾರ ಯಾವುದು ಅಗ್ಗ ಅಂತ ತಿಳಿಯುತ್ತದೆ. ಆದರೆ ಫುಟ್‌ಪಾತಿನಲ್ಲಿ ಕೂತ ಸೊಪ್ಪಿನ ಅಜ್ಜಿಯರ ಹತ್ತಿರ ಚೌಕಾಸಿ ಮಾಡಬೇಡ. ನಾವು ಉಳಿಸುವುದು ಚೆಲ್ಲುವುದನ್ನು ಬಿಟ್ಟು, ಅವರ ಐದು ರೂಪಾಯಿ ಕಿತ್ತುಕೊಂಡಲ್ಲ. ತಂದ ಸೊಪ್ಪನ್ನು ಅವತ್ತೇ ಬಿಡಿಸಿ ಹಳೆಯ ಕಾಟನ್ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡು.

ನಿನಗೊಂದು ವಿಷಯ ಇಷ್ಟು ವರ್ಷ ಹೇಳಿರಲಿಲ್ಲ. 2009ರಲ್ಲಿ ಅಮ್ಮನಿಗೆ ಆಪರೇಷನ್ ಆದಾಗ ನಿನಗೆ ಏಳು ವರ್ಷ. ಇದ್ದಬದ್ದದ್ದೆಲ್ಲ ಆಸ್ಪತ್ರೆಗೆ ಹೋಗಿ, ಸಂಬಳಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ಮನೆಯಲ್ಲಿ ಅಕ್ಕಿ, ಅವಲಕ್ಕಿ, ಅರ್ಧ ಡಬ್ಬ ಕಡಲೆಕಾಯಿ ಬೀಜ, ಹಿತ್ತಲಿನಲ್ಲಿ ನಿಂಬೆಗಿಡ, ನುಗ್ಗೆಮರ. ಬೆಳಿಗ್ಗೆ ನಿಂಬೆಹಣ್ಣಿನ ಚಿತ್ರಾನ್ನ, ಮಧ್ಯಾಹ್ನ ನಿನಗೆ ಶಾಲೆಯ ಊಟ, ರಾತ್ರಿ ನುಗ್ಗೆಸೊಪ್ಪಿನ ಸಾರು. ಒಂದು ದಿನ ಅವಲಕ್ಕಿಗೆ ಮೊಸರು ಕಲಸಿ, ಮೇಲೆ ಹುರಿದ ಕಡಲೆಕಾಯಿ ಬೀಜ ಉದುರಿಸಿ ಕೊಟ್ಟೆ. "ಅಪ್ಪ, ಇವತ್ತು ಹಬ್ಬನಾ?" ಅಂತ ಕೇಳಿದೆ. ನಾನು ಹೂಂ ಅಂದೆ. ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಆ ಹನ್ನೊಂದು ದಿನ ನಿನ್ನ ಹೊಟ್ಟೆ ಖಾಲಿ ಇರಲಿಲ್ಲ ಅನ್ನುವುದು ನನ್ನ ಬದುಕಿನಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ. ಅದಕ್ಕೆ ಕಾರಣ ಮಾಗಡಿ ಕಡೆಯ ಆ ಅಜ್ಜಿ.

ನಿನ್ನ ಜೊತೆಗಿರುವ ಕಲಬುರಗಿ ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೆ ಅಂದೆ. ಅವಳು ಒಂದು ದಿನ ರೊಟ್ಟಿ, ನೀನು ಒಂದು ದಿನ ಮುದ್ದೆ ಮಾಡಿ. ಊರಿಂದ ಅವಳ ತಾಯಿ ಕಳಿಸುವ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಬೀಜದ ಚಟ್ನಿಪುಡಿ, ಡಬ್ಬದಲ್ಲಿದ್ದರೆ ಪಲ್ಯವಿಲ್ಲದ ದಿನವೂ ಊಟ ಸಾಗುತ್ತದೆ. ನಿಮ್ಮ ಬಸ್ಸಾರಿನ ಪಲ್ಯ ಜೋಳದ ರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ. ಹೊರಗೆ ತಿನ್ನುವುದನ್ನು ಪೂರ್ತಿ ಬಿಡು ಅಂತ ನಾನು ಹೇಳುವುದಿಲ್ಲ. ತಿಂಗಳಿಗೆ ಎರಡು ಸಲ ಸ್ನೇಹಿತೆಯರ ಜೊತೆ ಹೋಗಿ ಮಸಾಲೆದೋಸೆ ತಿಂದು ಬಾ, ಅದಕ್ಕೆ ಅಂತಲೇ ದುಡ್ಡು ಬೇರೆ ಇಡು.

ಶನಿವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಎರಡು ಕಿಲೋ ರಾಗಿಹಿಟ್ಟು, ಒಂದು ಕಿಲೋ ಹುರುಳಿ, ಅಮ್ಮನ ಸಾರಿನ ಪುಡಿ, ಹಿತ್ತಲಿನ ಹತ್ತು ನಿಂಬೆಹಣ್ಣು ಕಳಿಸುತ್ತಿದ್ದೇನೆ. ಮುದ್ದೆಕೋಲನ್ನು ಪೇಪರಿನಲ್ಲಿ ಸುತ್ತಿ ಚೀಲದ ಪಕ್ಕಕ್ಕೆ ಸಿಕ್ಕಿಸಿರುತ್ತೇನೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆ ಅಂದಿದ್ದೆಯಲ್ಲ, ಹೊಸದು ಹಾಕಿಸು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಕಾಲ್ ಮಾಡು, ಅಮ್ಮನೂ ಇರುತ್ತಾಳೆ. ಹುರುಳಿ ಶನಿವಾರ ರಾತ್ರಿಯೇ ನೆನೆಹಾಕಿರು. ಬಸಿಯುವಾಗ ಕೆಳಗೆ ಅಗಲವಾದ ಪಾತ್ರೆ ಇಡುವುದನ್ನು ಮರೆಯಬೇಡ.

ನಿನ್ನ,
ಅಪ್ಪ